ಐದನೇ ಕ್ಲಾಸಿನ ಹಾವಿನ ಕಥೆ: ಉಳಿದರ್ಧ ಇಲ್ಲಿದೆ

ಪ್ರೀತಿಯ ಪೋಷಕರೇ,

ಶುಕ್ರವಾರ ರಾತ್ರಿ ಕೆಲವು ಮಕ್ಕಳು ಲೈಟ್ ಆರಿಸಲು ಬಿಡಲಿಲ್ಲವಂತೆ. ತಪ್ಪು ಕ್ಲಾಸ್ ಟೀಚರದ್ದಲ್ಲ, ನನ್ನದು. ಅವರು ರಜೆಯಲ್ಲಿದ್ದರು, ಕೊನೆಯ ಪಿರಿಯಡ್‌ಗೆ ನಾನೇ ಹೋಗಿ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರ ಉಕ್ಟೇನಾ ಕಥೆ ಶುರು ಮಾಡಿದೆ. ಹಾವು ಇನ್ನೂ ಬದುಕಿರುವಾಗಲೇ ಬೆಲ್ ಹೊಡೆಯಿತು!

ಉಕ್ಟೇನಾ ಅಂದರೆ ಮರದ ಬೊಡ್ಡೆಯಷ್ಟು ದಪ್ಪದ ಹಾವು. ತಲೆಗೆ ಕೊಂಬು, ಹಣೆಯಲ್ಲಿ ಹೊಳೆಯುವ ಹರಳು, ಮೈತುಂಬ ಬಣ್ಣದ ಮಚ್ಚೆ. ತಲೆಯಿಂದ ಏಳನೇ ಮಚ್ಚೆಯ ಕೆಳಗೆ ಅದರ ಜೀವ. ಬೇರೆಲ್ಲಿ ಹೊಡೆದರೂ ಸಾಯುವುದಿಲ್ಲ. ಅಗನುನಿತ್ಸಿ ಎಂಬ ಸೆರೆಯಾಳು ಮಂತ್ರವಾದಿ, ಪ್ರಾಣ ಉಳಿಸಿದರೆ ಆ ಹರಳು ತಂದುಕೊಡುತ್ತೇನೆಂದು ಹೊರಟು, ಬೆಟ್ಟ ಬೆಟ್ಟ ಹುಡುಕಿ, ಗಹೂತಿ ಬೆಟ್ಟದಲ್ಲಿ ಅದು ಮಲಗಿದ್ದನ್ನು ಕಂಡ. ಕೆಳಗೆ ಪೈನ್ ಕಾಯಿಗಳನ್ನು ದೊಡ್ಡ ವೃತ್ತವಾಗಿ ಜೋಡಿಸಿ, ಒಳಗೊಂದು ಕಾಲುವೆ ತೋಡಿ, ಬೆಂಕಿ ಹಚ್ಚಿದ. ಇಲ್ಲಿಗೆ ಬೆಲ್.

ಮುಂದಿನದು ನೀವು ಇವತ್ತೇ ಹೇಳಿಬಿಡಿ. ಅಗನುನಿತ್ಸಿ ಮತ್ತೆ ಬೆಟ್ಟ ಹತ್ತಿ ಬಿಟ್ಟ ಬಾಣ ಸರಿಯಾಗಿ ಏಳನೇ ಮಚ್ಚೆಗೆ ನಾಟಿತು. ಹಾವು ವಿಷ ಉಗುಳುತ್ತಾ, ಮರ ಮುರಿಯುತ್ತಾ ಉರುಳಿ ಬಂತು. ಅವನು ಓಡಿ ಬೆಂಕಿಯ ವೃತ್ತದೊಳಗೆ ಹಾರಿದ. ವಿಷ ಬೆಂಕಿ ದಾಟಲಿಲ್ಲ, ರಕ್ತ ಕಾಲುವೆಗೆ ಹರಿಯಿತು. ಹಾವು ಸತ್ತಿತು, ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳಿ. ಹಕ್ಕಿಗಳು ಏಳು ದಿನ ತಿಂದು ಮುಗಿಸಿದವು, ಹರಳು ಅವನಿಗೆ ಸಿಕ್ಕಿತು. ಒಂದೇ ಒಂದು ಹನಿ ವಿಷ ಮಾತ್ರ ಅವನ ತಲೆ ಮೇಲೆ ಬಿದ್ದಿತ್ತು. ಆಮೇಲೆ ಅಲ್ಲಿಂದ ಪುಟ್ಟ ಹಾವೊಂದು ನೇತಾಡುತ್ತಲೇ ಇತ್ತಂತೆ. ಊರಿಗೆಲ್ಲ ಕಾಣುತ್ತಿತ್ತು, ಅವನಿಗೊಬ್ಬನಿಗೇ ಗೊತ್ತಿರಲಿಲ್ಲ! ಮಲಗುವ ಹೊತ್ತಿಗೆ ಈ ಭಾಗ ಬೇಡ ಅನಿಸಿದರೆ ಬಿಡಿ, ಆದರೆ ಮಕ್ಕಳು ಜಾಸ್ತಿ ನಗುವುದು ಇಲ್ಲೇ.

"ಯಾರೋ ಕಾಡುಜನರ ಮೂಢನಂಬಿಕೆ ಯಾಕೆ ಸರ್?" ಎಂದು ಒಬ್ಬರು ಕೇಳಿದರು. ಹಾಗೆ ಮಕ್ಕಳ ಮುಂದೆ ಅನ್ನಬೇಡಿ, ದಯವಿಟ್ಟು. ಚೆರೋಕಿಗಳದ್ದು ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆ. 1838ರಲ್ಲಿ ಬಹಳಷ್ಟು ಜನರನ್ನು ಸರ್ಕಾರ ಬಲವಂತವಾಗಿ ಪಶ್ಚಿಮಕ್ಕೆ ಅಟ್ಟಿತು, ಕೆಲವರು ಉತ್ತರ ಕೆರೊಲಿನಾದಲ್ಲೇ ಉಳಿದರು. ಈಗಲೂ ಇದ್ದಾರೆ. ಅವರಿಗೆ ಸ್ವಂತ ಲಿಪಿಯೂ ಇದೆ. ಸಿಕ್ವೋಯಾ ಎಂಬುವರು 1821ರ ಹೊತ್ತಿಗೆ ಮಾಡಿ ಮುಗಿಸಿದ್ದು. ನಮ್ಮ ಕಾಗುಣಿತದ ಹಾಗೆ ಒಂದು ಉಲಿಗೆ ಒಂದು ಅಕ್ಷರ, ಆದರೆ ಕ, ಕಿ, ಕು ಎಂಬಂಥವಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲದ ಆಕಾರ. ಕಾಗುಣಿತ ಕಷ್ಟ ಅನ್ನುವವರಿಗೆ ಇದನ್ನು ಹೇಳಿ ನೋಡಿ.

ಅಂದಹಾಗೆ, ಕಥೆಯಲ್ಲಿ ಹಾವಿನ ರಕ್ತ ಹರಿದ ಆ ಕಾಲುವೆ ಕಪ್ಪು ನೀರಿನ ಕೆರೆಯಾಯಿತಂತೆ. ಹೆಂಗಸರು ಬುಟ್ಟಿ ಹೆಣೆಯುವ ಸೀಳುಗಳಿಗೆ ಅದರಲ್ಲೇ ಬಣ್ಣ ಹಾಕುತ್ತಿದ್ದರು. ಸೋಮವಾರ ಕ್ರಾಫ್ಟ್ ಪಿರಿಯಡ್‌ನಲ್ಲಿ ನಾವೂ ಪೇಪರ್ ಬುಟ್ಟಿ ಮಾಡುತ್ತೇವೆ, ಎರಡು ಹಳೇ ನ್ಯೂಸ್‌ಪೇಪರ್ ಕಳಿಸಿ. ಬಣ್ಣ ಶಾಲೆಯಲ್ಲಿದೆ. ಬಿಳಿ ಯೂನಿಫಾರಂ ಬೇಡ.

ನಿಮ್ಮ,
ಮುಖ್ಯೋಪಾಧ್ಯಾಯ