ಇವಾನ್ ಹಾವೆಲ್ ಅವರಿಗೆ ‘ಅಧ್ಯಕ್ಷರ ತಮ್ಮ’ ಎಂಬ ಗುರುತು ಸಾಲದು

ಸಂಪಾದಕರಿಗೆ,
ಮಾನ್ಯರೇ,

ಕೃತಕ ಬುದ್ಧಿಮತ್ತೆಯನ್ನು ಕುರಿತ ಈಚಿನ ಲೇಖನವೊಂದರಲ್ಲಿ ಜೆಕ್ ವಿಜ್ಞಾನಿ ಇವಾನ್ ಹಾವೆಲ್ (1938–2021) ಅವರನ್ನು ‘ಅಧ್ಯಕ್ಷ ವಾತ್ಸ್ಲಾವ್ ಹಾವೆಲ್ ಅವರ ತಮ್ಮ’ ಎಂದಷ್ಟೇ ಹೇಳಿ ಮುಂದೆ ಸಾಗಲಾಗಿದೆ. ಕಮ್ಯುನಿಸ್ಟ್ ಆಡಳಿತವನ್ನು ವಿರೋಧಿಸಿ, ಮುಂದೆ ಆ ದೇಶದ ಅಧ್ಯಕ್ಷರಾದ ನಾಟಕಕಾರ ವಾತ್ಸ್ಲಾವ್ ಜೊತೆಗಿನ ಸಂಬಂಧವೇನೋ ನಿಜ. ಆದರೆ ಬಹುಕಾಲ ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಪಾಠ ಹೇಳಿದ ನನಗೆ ಆ ಹೆಸರು ಮೊದಲು ಸಿಕ್ಕಿದ್ದು 1970ರ ದಶಕದಲ್ಲಿ ಅವರು ಗಣಕವಿಜ್ಞಾನಿ ಮೈಕೆಲ್ ಹ್ಯಾರಿಸನ್ ಜೊತೆ ಪ್ರಕಟಿಸಿದ ಪ್ರಬಂಧಗಳಲ್ಲಿ. ಪ್ರೋಗ್ರಾಮನ್ನು ಎಡದಿಂದ ಬಲಕ್ಕೆ ಓದುತ್ತ ಹೋಗುವಾಗ, ಹಿಂದಿರುಗಿ ತಿದ್ದಿಕೊಳ್ಳುವ ಪ್ರಮೇಯವೇ ಬಾರದೆ ಪ್ರತಿ ಹೆಜ್ಜೆಗೂ ಒಂದೇ ದಾರಿ ನಿಶ್ಚಿತವಾಗಿ ಸಿಗಬೇಕಾದರೆ ಪ್ರೋಗ್ರಾಮಿಂಗ್ ಭಾಷೆಯ ವ್ಯಾಕರಣ ಹೇಗಿರಬೇಕು ಎಂಬುದು ಅಲ್ಲಿನ ವಿಚಾರ.

ಅವರ ಸ್ವಂತ ದಾರಿ ಮಾತ್ರ ಅಷ್ಟು ನೇರವಾಗಿರಲಿಲ್ಲ. ಪ್ರಾಗ್‌ನಲ್ಲಿ ದೊಡ್ಡ ಕಟ್ಟಡಗಳನ್ನು ಕಟ್ಟಿಸಿದ ಸಿರಿವಂತ ಮನೆತನದಲ್ಲಿ ಹುಟ್ಟಿದ್ದೇ 1948ರ ನಂತರದ ಕಮ್ಯುನಿಸ್ಟ್ ಆಡಳಿತದಲ್ಲಿ ಅಪರಾಧವಾಯಿತು. ಸೂಕ್ಷ್ಮ ಯಂತ್ರಗಳ ಮೆಕ್ಯಾನಿಕ್ ಆಗಿ ದುಡಿಯುತ್ತ, ಸಂಜೆ ಶಾಲೆಯಲ್ಲಿ ಓದಿ, 1966ರಲ್ಲಿ ಜೆಕ್ ತಾಂತ್ರಿಕ ವಿಶ್ವವಿದ್ಯಾಲಯದ ಪದವಿ ಪಡೆದರು. 1971ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್. ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿ ಮೂರು ವರ್ಷವಾಗಿದ್ದ ಆ ಹೊತ್ತಿನಲ್ಲಿ ಅಮೆರಿಕದಲ್ಲೇ ಉಳಿಯಬಹುದಿತ್ತು. ಅವರು ಊರಿಗೆ ಮರಳಿದರು. ಇದನ್ನು ಓದಿದಾಗಲೆಲ್ಲ ನನಗೆ ಬೆರಗಾಗುತ್ತದೆ.

1979ರಲ್ಲಿ ಅಣ್ಣ ಜೈಲು ಸೇರಿದರು. ಅದೇ ವರ್ಷ ತಮ್ಮನಿಗೆ ವಿಜ್ಞಾನ ಅಕಾಡೆಮಿಯ ಕೆಲಸ ಹೋಯಿತು. ಮುಂದಿನ ಹತ್ತು ವರ್ಷ ಅಂಗವಿಕಲರ ಸಹಕಾರ ಸಂಸ್ಥೆಯೊಂದರಲ್ಲಿ ಪ್ರೋಗ್ರಾಮರ್ ಆಗಿದ್ದುಕೊಂಡು, ಮನೆಯಲ್ಲೇ ತತ್ತ್ವಶಾಸ್ತ್ರದ ಗೋಷ್ಠಿಗಳನ್ನು ನಡೆಸಿದರು. ಅಣ್ಣ ಆರಂಭಿಸಿದ್ದ ನಿಷೇಧಿತ ಪುಸ್ತಕಗಳ ಮಾಲೆಯನ್ನು, ತೆಳು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಟೈಪ್ ಮಾಡಿಸುವ ಆ ಕಷ್ಟದ ಕೆಲಸವನ್ನು, ನಿಲ್ಲದಂತೆ ನೋಡಿಕೊಂಡರು. ಕೈದಿಗೆ ವಾರಕ್ಕೊಂದು ಪತ್ರ, ಅದೂ ನಾಲ್ಕೇ ಪುಟ, ಬರೆಯಲು ಅನುಮತಿಯಿತ್ತು. ಇವಾನ್ ತಮ್ಮ ಪತ್ರಗಳಲ್ಲಿ ಮನೆಯ ಸಮಾಚಾರದ ಜೊತೆಗೆ ಫ್ರೆಂಚ್ ಚಿಂತಕ ಲೆವಿನಾಸ್‌ನ ಬರಹವನ್ನು ನಕಲು ಮಾಡಿ ಕಳುಹಿಸಿದರು. ಅಣ್ಣನ ಜೈಲುಪತ್ರಗಳಲ್ಲಿ ನಾವು ಇಂದು ಮೆಚ್ಚಿ ಓದುವ ಹೊಣೆಗಾರಿಕೆಯ ಚಿಂತನೆಗೆ ಒದಗಿದ ಸಾಮಗ್ರಿಯಲ್ಲಿ ಇದೂ ಸೇರಿದೆ.

1990ರಲ್ಲಿ ಭೌತವಿಜ್ಞಾನಿ, ಜೀವವಿಜ್ಞಾನಿ, ದಾರ್ಶನಿಕರನ್ನು ಒಂದೇ ಮೇಜಿಗೆ ಕರೆತರುವ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಪ್ರಾಗ್‌ನಲ್ಲಿ ಸ್ಥಾಪಿಸಿ 2008ರವರೆಗೆ ನಡೆಸಿದರು. ಮನಸ್ಸನ್ನು ಒಂದೇ ಸ್ತರದ ಲೆಕ್ಕಾಚಾರವಾಗಿ ಕಾಣಲು ಅವರು ಒಪ್ಪುತ್ತಿರಲಿಲ್ಲ. ನರಕೋಶದಿಂದ ಅನುಭವದವರೆಗಿನ ಹಲವು ಸ್ತರಗಳ ನಡುವಿನ ನಂಟೇ ಅವರಿಗೆ ನಿಜವಾದ ಪ್ರಶ್ನೆಯಾಗಿತ್ತು. ಯಂತ್ರ ಯೋಚಿಸುತ್ತದೆಯೇ ಎಂದು ಕೇಳುವ ಲೇಖನದಲ್ಲಿ ಹೇಳಲೇಬೇಕಿದ್ದ ಮಾತು ಇದು.

1871ರಿಂದ ಜೆಕ್ ಭಾಷೆಯಲ್ಲಿ ಬರುತ್ತಿರುವ ‘ವೆಸ್ಮೀರ್’ ಎಂಬ ವಿಜ್ಞಾನ ಮಾಸಿಕಕ್ಕೆ ಅವರು 1990ರಿಂದ 2019ರವರೆಗೆ ಪ್ರಧಾನ ಸಂಪಾದಕರಾಗಿದ್ದರು. ಅಲ್ಲಿ ಅವರು ಬರೆದ ಪುಟ್ಟ ಸಂಪಾದಕೀಯಗಳಲ್ಲಿ ಒಂದೆರಡಾದರೂ ತಮ್ಮ ವಿಜ್ಞಾನ ಪುಟದಲ್ಲಿ ಕನ್ನಡಕ್ಕೆ ಬರಲಿ ಎಂದು ಕೋರುತ್ತೇನೆ.

– ನಿವೃತ್ತ ಗಣಕಶಾಸ್ತ್ರ ಅಧ್ಯಾಪಕ, ಧಾರವಾಡ