ಹೃದಯ ನೋಡುವಾಗ ನೆನಪನ್ನೂ ಕೇಳಿ

ಮಾನ್ಯರೇ,

ನಮ್ಮ ಮನೆಯವರು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ 30 ವರ್ಷ ಲೆಕ್ಕ ಬರೆದವರು. ತೊಗರಿಯ ತೂಕ, ದರ ಹೇಳಿದರೆ ಸಾಕು, ಬಾಯಲ್ಲೇ ಮೊತ್ತ ಹೇಳುತ್ತಿದ್ದರು. ಹೋದ ದೀಪಾವಳಿ ಹೊತ್ತಿಗೆ ಕಿರಾಣಿ ಅಂಗಡಿಯ ಚಿಲ್ಲರೆ ಎಣಿಸಲೂ ತಡವರಿಸತೊಡಗಿದರು. ‘ಅರವತ್ತಕ್ಕೆ ಅರಳು ಮರಳು, ಬಿಡ್ರಿ’ ಎಂದರು ಬಂಧುಗಳು. ನಾನೂ ಸುಮ್ನೆ ಇದ್ದುಬಿಟ್ಟೆ.

ಅವರಿಗೆ 2019ರಲ್ಲಿ ಹೃದಯದ ರಕ್ತನಾಳ ತೆರೆದಿಡಲು ಸ್ಟೆಂಟ್ ಹಾಕಿದ್ದಾರೆ. ಮೂರು ತಿಂಗಳಿಗೊಮ್ಮೆ ತೋರಿಸುತ್ತೇವೆ. ಬಿಪಿ, ಇಸಿಜಿ ಎಲ್ಲಾ ಆಗುತ್ತದೆ. ಡಾಕ್ಟರು ‘ಹೇಗಿದ್ದೀರಿ?’ ಎಂದರೆ ಇವರದು ಒಂದೇ ಉತ್ತರ, ‘ಎಲ್ಲಾ ಬರೋಬರಿ ಅದ ರೀ’. ಪಕ್ಕದಲ್ಲಿ ಕೂತ ನನ್ನನ್ನು ಯಾರೂ ಏನೂ ಕೇಳಿದ್ದಿಲ್ಲ. ಒಮ್ಮೆ ಬಿಪಿ 170 ದಾಟಿತ್ತು. ಡೋಸ್ ಜಾಸ್ತಿ ಮಾಡಿ ಕಳಿಸಿದರು. ಮನೆಗೆ ಬಂದು ಡಬ್ಬಿ ತೆಗೆದು ಎಣಿಸಿದೆ. ಆ ತಿಂಗಳ 11 ಗುಳಿಗೆ ಹಾಗೇ ಉಳಿದಿದ್ದವು. ಕೇಳಿದರೆ ‘ದಿನಾ ನುಂಗ್ತೀನಲ್ಲ’ ಎಂದು ಆಣೆ ಮಾಡಿ ಹೇಳಿದರು.

ಆಮೇಲೆ ನರದ ಡಾಕ್ಟರಿಗೆ ತೋರಿಸಿದಾಗಲೇ ನನಗೆ ವಿಷಯ ಅರ್ಥವಾದದ್ದು. ಮೆದುಳಿನ ತೂಕ ನಮ್ಮ ದೇಹದಲ್ಲಿ ನೂರಕ್ಕೆ ಎರಡರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಪಾಲು ಅದಕ್ಕೇ ಬೇಕು. ಅದನ್ನು ರಕ್ತದ ಜೊತೆ ತಲುಪಿಸುವುದು ಹೃದಯ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಹೃದಯದ ರಕ್ತನಾಳ ಕೆಡಿಸಿದ ಹಾಗೇ ಮೆದುಳಿನ ಕೂದಲೆಳೆಯಂಥ ನಾಳಗಳನ್ನೂ ಕೆಡಿಸುತ್ತವೆ. ಲಕ್ವಾ ಹೊಡೆಯದೆಯೂ ಒಳಗೊಳಗೇ ಹಾನಿ ಆಗುತ್ತಿರಬಹುದು. ಮರೆವಿನಿಂದ ಗುಳಿಗೆ ತಪ್ಪುತ್ತದೆ, ಗುಳಿಗೆ ತಪ್ಪಿದರೆ ಬಿಪಿ ಏರುತ್ತದೆ, ಅದರಿಂದ ಮರೆವು ಇನ್ನೂ ಜಾಸ್ತಿ. ನಮ್ಮ ಮನೆಯಲ್ಲಿ ಈ ಗಾಣ ತಿರುಗುತ್ತಲೇ ಇತ್ತು.

ಮರೆವಿನ ಕಾಯಿಲೆಗಳಲ್ಲಿ ನೂರಕ್ಕೆ ಸುಮಾರು 45ರಷ್ಟನ್ನು ತಡೆಯುವ ಇಲ್ಲವೇ ಮುಂದೂಡುವ ಸಾಧ್ಯತೆ ಇದೆ ಎಂದು 2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಹೇಳಿತು. ಅದು ಪಟ್ಟಿ ಮಾಡಿದ 14 ಕಾರಣಗಳಲ್ಲಿ ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್ ಮೂರೂ ಇವೆ. ಹಾಗಿದ್ದರೆ ‘ವಯಸ್ಸಾಯಿತು’ ಎಂದು ಕೈಬಿಡುವುದು ಸರಿಯಲ್ಲ ಅಲ್ವಾ?

ಕಲಬುರಗಿಗೆ ಈಗ ಜಯದೇವದ 371 ಹಾಸಿಗೆಯ ಹೊಸ ಹೃದ್ರೋಗ ಆಸ್ಪತ್ರೆ ಬಂದಿದೆ. ಹೃದಯದ ಜೊತೆ ನೆನಪನ್ನೂ ಪರೀಕ್ಷಿಸುವ ಕೆಲಸ ಅಲ್ಲಿಂದಲೇ ಶುರುವಾಗಲಿ. 60 ದಾಟಿದ ಹೃದ್ರೋಗಿಗೆ ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಲಿ. ಗಡಿಯಾರದ ಚಿತ್ರ ಬರೆಸಲಿ. ಐದು ನಿಮಿಷದ ಕೆಲಸ. ಓದು ಬರಹ ಬಾರದ ಹಿರಿಯರು ನಮ್ಮ ಭಾಗದಲ್ಲಿ ಬಹಳ. ಅವರ ವಿಷಯದಲ್ಲಿ ಜೊತೆಗೆ ಬಂದ ಹೆಂಡತಿ, ಸೊಸೆ, ಮಗನನ್ನು ಕೇಳಲಿ: ದುಡ್ಡು ಎಣಿಸುತ್ತಾರಾ? ದಾರಿ ತಪ್ಪುತ್ತಾರಾ? ಗುಳಿಗೆ ಕೊಡುವವರು ಯಾರು? ಮನೆಗೆ ಬರುವ ಆಶಾ ಕಾರ್ಯಕರ್ತೆಯರಿಗೂ ಇದನ್ನು ಕಲಿಸಬಹುದು.

ಈಗ ಬೆಳಿಗ್ಗೆ ರೊಟ್ಟಿ ಬಡಿಯುವ ಮುಂಚೆ ನಾನೇ ಗುಳಿಗೆ ಕೊಡುತ್ತೇನೆ. ಬಿಪಿ 130ಕ್ಕೆ ಇಳಿದಿದೆ. ಲೆಕ್ಕ ಮಾತ್ರ ಮೊದಲಿನ ಹಾಗೆ ಬರುತ್ತಿಲ್ಲ. ಒಂದು ವರ್ಷ ಮೊದಲೇ ಯಾರಾದರೂ ನನ್ನ ಕಡೆ ತಿರುಗಿ ಕೇಳಿದ್ದರೆ, ಎಲ್ಲಾ ಹೇಳುತ್ತಿದ್ದೆ.

– ನಿವೃತ್ತ ಶಿಕ್ಷಕಿ, ಬ್ರಹ್ಮಪುರ, ಕಲಬುರಗಿ