ಹುಡುಗರು ಕೂತ್ಕೊಳ್ಳೋಕೆ ಜಾಗ ಎಲ್ಲಿಟ್ಟಿದೀವಿ?

ಮಾನ್ಯ ಸಂಪಾದಕರೇ,

ಮುಂಬೈ ಕನ್ನಡಿಗರ ಯಾವ ಸಭೆಗೆ ಹೋದ್ರೂ ಒಂದೇ ರಾಗ, ಈಗಿನ ಹುಡುಗರು ಸಂಘಕ್ಕೆ ಬರಲ್ಲ, ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ, ಮೂರು ಹೊತ್ತೂ ಮೊಬೈಲು ಅಂತ. ಮೊಬೈಲ್ ಬೈಯೋದು ಸುಲಭ ಬಿಡಿ, ನಾವು ಕಟ್ಟಿಸ್ಕೊಳ್ತಿರೋ ಬಿಲ್ಡಿಂಗ್‌ಗಳನ್ನೂ ಒಂದ್ಸಲ ನೋಡಿ.

ವರ್ಲಿ, ನಾಯಗಾಂವ್ ಕಡೆಯ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳು, ಅಂದ್ರೆ ಒಂದೊಂದೇ ರೂಮಿನ ಮನೆಗಳ ಸಾಲುಕಟ್ಟಡಗಳು, 1920ರ ದಶಕದವು. 160 ಚದರಡಿ ಖೋಲಿ, ಎರಡೂ ಕಡೆ ಖೋಲಿಗಳ ಬಾಗಿಲು, ನಡುವೆ ಉದ್ದಕ್ಕೆ ಪ್ಯಾಸೇಜ್. ಒಳಗೆ ಕಾಲು ಚಾಚೋಕೂ ಜಾಗ ಇರ್ಲಿಲ್ಲ ಅಂತ ಕ್ಯಾರಂ, ಪರೀಕ್ಷೆ ಓದು, ಜಗಳ ಎಲ್ಲಾ ಪ್ಯಾಸೇಜಿಗೇ ಬರ್ತಿತ್ತು, ಕೆಳಗೆ ಕಬಡ್ಡಿ, ಗಣಪತಿ ಮಂಡಲ, ಮೊಸರು ಗಡಿಗೆ ಒಡೆಯೋ ಗೋವಿಂದಾ ಪ್ರಾಕ್ಟೀಸು. ಕಾಮನ್ ಸಂಡಾಸಿನ ಕ್ಯೂ ವಾಪಸ್ ಬರ್ಲಿ ಅಂತಿಲ್ಲ ಮತ್ತೆ, ಅದು ಶತ್ರುವಿಗೂ ಬೇಡ! ಈಗ ಆ ಚಾಳು ಕೆಡವಿ ಅದೇ ಕುಟುಂಬಗಳಿಗೆ ಟವರ್‌ನಲ್ಲಿ 500 ಚದರಡಿ ಫ್ಲಾಟು, 2025ರ ಆಗಸ್ಟ್‌ನಲ್ಲಿ ವರ್ಲಿಯಲ್ಲಿ ಮೊದಲ 556 ಮನೆಗಳ ಕೀಲಿ ಕೊಟ್ರು, ಖುಷಿ ವಿಷಯಾನೇ.

ಆದ್ರೆ ಹೆಣ್ಮಕ್ಕಳ ಮಾತು ಯಾರೂ ಎತ್ತಲ್ಲ. ಚಾಳಿನ ಪ್ಯಾಸೇಜಲ್ಲಿ ಹುಡುಗಿ ಗೆಳತಿ ಜೊತೆ ಗಂಟೆಗಟ್ಲೆ ನಿಂತ್ರೂ ಅದು ಮನೇಲಿದ್ದ ಹಾಗೇ ಲೆಕ್ಕ, ಟವರ್‌ನಲ್ಲಿ ಲಿಫ್ಟ್ ಬಟನ್ ಒತ್ತಿದ ತಕ್ಷಣ "ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ ಬರ್ತೀಯ" ಶುರು. ಕೆಳಗಿಳಿದ್ರೆ ಪಾರ್ಕಿಂಗ್, ಕ್ರಿಕೆಟ್ ಆಡಬಾರದು ಅನ್ನೋ ಬೋರ್ಡು, ಎದ್ದು ಹೋಗಿ ಅನ್ನೋ ವಾಚ್‌ಮನ್. ಎಷ್ಟೋ ಕಡೆ ಬಿಲ್ಡರ್ ಹೊರಗಿನವರಿಗೆ ಮಾರೋ ಸೇಲ್ ಬಿಲ್ಡಿಂಗಿಗೊಂದು ಗೇಟು, ಪುನರ್ವಸತಿ ಮನೆ ಸಿಕ್ಕ ಹಳೇ ನಿವಾಸಿಗಳಿಗೆ ಇನ್ನೊಂದು, ಪಾರ್ಕಿಂಗ್ ಮೇಲೆ ಗಾರ್ಡನ್ ಇರೋ ತೆರೆದ ಅಂಗಳ, ಅಂದ್ರೆ ಪೋಡಿಯಂ, ಸೇಲ್‌ನವರಿಗೆ. ಗೋವಂಡಿಯ ಪುನರ್ವಸತಿ ಕಾಲೊನಿ ನಟವರ್ ಪಾರೇಖ್ ಕಾಂಪೌಂಡ್‌ಗೆ ಹೋಗಿ ನೋಡಿ, ಬಿಲ್ಡಿಂಗ್‌ಗಳು ಎಷ್ಟು ಒತ್ತೊತ್ತಾಗಿವೆ ಅಂದ್ರೆ ಕೆಳಗಿನ ಮಹಡಿಗಳಿಗೆ ಬಿಸಿಲೇ ಬೀಳಲ್ಲ, ಅಲ್ಲಿ ಮಕ್ಕಳು ಆಡೋದೆಲ್ಲಿ.

1896ರ ಪ್ಲೇಗ್ ಆದ್ಮೇಲೆ ಊರು ಸುಧಾರಿಸೋಕೆ ಅಂತ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್-ಮಾಟುಂಗಾ ಬಡಾವಣೆ ಮಾಡುವಾಗ ಫೈವ್ ಗಾರ್ಡನ್ಸ್‌ಗೆ ಜಾಗ ಬಿಡ್ತು, ಸಂಜೆ ಅಲ್ಲಿ ಕಾಲೇಜು ಹುಡುಗರ ಗುಂಪು ಇವತ್ತಿಗೂ ಸಿಗುತ್ತೆ. ಹಳೇ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟೋ ನಮ್ಮ ಸೊಸೈಟಿಗಳ ರಿಡೆವಲಪ್‌ಮೆಂಟ್ ಮೀಟಿಂಗಲ್ಲಿ ಮಾತ್ರ ಕಾರ್ಪೆಟ್ ಏರಿಯಾ, ಬಿಲ್ಡರ್ ಕೊಡೋ ಇಡುಗಂಟು (ಕಾರ್ಪಸ್ ಫಂಡ್), ಎರಡನೇ ಪಾರ್ಕಿಂಗ್ ಅಂತ ಮಧ್ಯರಾತ್ರಿವರೆಗೂ ಚೌಕಾಸಿ ನಡೆಯುತ್ತೆ, ಹದಿನೆಂಟರ ಹುಡುಗ ಹುಡುಗಿಯರನ್ನ ಒಳಗೂ ಬಿಡಲ್ಲ.

ಬಿಲ್ಡರ್ ಜೊತೆ ಸಹಿ ಹಾಕೋ ಮುಂಚೆ ಪ್ರತಿ ಕಮಿಟಿ ಎರಡು ಷರತ್ತು ಹಾಕಲಿ: ಪೋಡಿಯಂ ಎಲ್ಲರಿಗೂ ತೆರೆದಿರಬೇಕು, ಕೆಳಗೆ ರಸ್ತೆಗೆ ಬಾಗಿಲಿರೋ ಒಂದು ಸ್ಟಡಿ ರೂಮ್ ಬೇಕು. ಹಾಗೇ ನಮ್ಮ ಸಂಘಗಳು, ಹಾಲ್ ಬಾಡಿಗೆಗೆ ಹೋಗದ ದಿನಗಳಲ್ಲಿ ಸಂಜೆ ಬೀಗ ತೆಗೆದು, ಭಾಷಣ ಇಲ್ಲದೆ, ಹುಡುಗರನ್ನ ಸುಮ್ನೆ ಕೂರೋಕೆ ಬಿಡಲಿ.

— ಒಬ್ಬ ಓದುಗ, ಪರೇಲ್, ಮುಂಬೈ